ಮನೆಯ ಹೊರಗೋಡೆ ಮನೆಯೊಳಗೇಕೆ?

ಪ್ರಶ್ನೆ: ಎಡಿನ್‌ಬರಾದ ರಾಯಲ್ ಮೈಲ್ ಬೀದಿಯಲ್ಲಿ ಗ್ಲ್ಯಾಡ್‌ಸ್ಟನ್ಸ್ ಲ್ಯಾಂಡ್ ನೋಡಿದೆವು. ಆರು ಅಂತಸ್ತಿನ ಕಟ್ಟಡ, ಅಗಲ ಮಾತ್ರ ತೀರಾ ಕಡಿಮೆ. ಬೀದಿ ಕಡೆಯ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಹೊರಗೋಡೆಯಷ್ಟು ದಪ್ಪದ ಕಲ್ಲುಗೋಡೆ ಇದೆ. ಮನೆಯ ನಡುವೆ ಅಂಥ ಗೋಡೆ ಯಾಕೆ?

ಉತ್ತರ: ಒಂದು ಕಾಲಕ್ಕೆ ಅದು ಹೊರಗೋಡೆಯೇ ಆಗಿತ್ತು. 1550ರ ಸುಮಾರಿಗೆ ಕಟ್ಟಿದ ಈ ಮನೆಯನ್ನು ವರ್ತಕ ಥಾಮಸ್ ಗ್ಲೆಡ್‌ಸ್ಟೇನ್ಸ್ ಮತ್ತು ಪತ್ನಿ ಬೆಸ್ಸಿ ಕನಿಂಗ್‌ಹ್ಯಾಮ್ 1617ರಲ್ಲಿ ಕೊಂಡರು. ಹಳೆಯ ಮುಖವನ್ನು ಕೆಡವದೆ, ಅದರ ಮುಂದೆ ಬೀದಿಯತ್ತ ಹೊಸ ಕಲ್ಲಿನ ಮುಖ ಕಟ್ಟಿಸಿದರು. ಎರಡರ ನಡುವಿನ ಜಾಗವೇ ಈಗಿನ ಮುಂದಿನ ಕೋಣೆಗಳು. ಅಂದಹಾಗೆ, ಇಲ್ಲಿ ‘ಲ್ಯಾಂಡ್’ ಎಂದರೆ ಜಮೀನಲ್ಲ. ಹಲವು ಸಂಸಾರಗಳು ಅಂತಸ್ತಿಗೊಂದರಂತೆ ವಾಸಿಸುವ ಕಟ್ಟಡಕ್ಕೆ ಸ್ಕಾಟ್‌ಲೆಂಡಿನವರು ಇಟ್ಟ ಹೆಸರು ಅದು.

ಮುಂದಕ್ಕೇ ಯಾಕೆ ಬೆಳೆಸಿದರು? ಎಡಿನ್‌ಬರಾದ ಹಳೆಯ ಊರು ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ಒಂದು ಗುಡ್ಡದ ಏಣಿನ ಮೇಲೆ ಕೂತಿದೆ. ನಿವೇಶನಗಳು ಬೀದಿಯಿಂದ ಇಳಿಜಾರಿನತ್ತ ಹಿಂದಕ್ಕೆ ಚಾಚಿದ ಕಿರಿದಾದ ಪಟ್ಟಿಗಳು. ಪಕ್ಕದಲ್ಲಿ ನೆರೆಯವರ ಗೋಡೆ; ಉತ್ತರದಲ್ಲಿ ಇಳಿಜಾರು ಮುಗಿಯುವಲ್ಲಿ ಆಗ ನಾರ್ ಲಾಕ್ ಎಂಬ ಕೆರೆಯಿತ್ತು. ಮನೆಯ ಮುಂದೆ, ರಾಯಲ್ ಮೈಲ್‌ನ ಭಾಗವಾದ, ಸಂತೆ ಸೇರುತ್ತಿದ್ದ ಲಾನ್‌ಮಾರ್ಕೆಟ್ ಬೀದಿ ಮಾತ್ರ ವಿಶಾಲ. ಹಾಗಾಗಿ ಮನೆಗಳು ಮೇಲಕ್ಕೂ ಮುಂದಕ್ಕೂ ಬೆಳೆದವು.

ನೆಲಮಟ್ಟದ ಎರಡು ಕಮಾನುಗಳನ್ನು ನಿಂತು ನೋಡಬೇಕು. ಮೇಲಿನ ಅಂತಸ್ತುಗಳ ಮುಂಗೋಡೆಯ ಭಾರವೆಲ್ಲ ಅವುಗಳ ಮೇಲೆ. ಕಮಾನು ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ನಡುಗಂಬದಲ್ಲಿ ಎರಡು ಕಮಾನುಗಳ ತಳ್ಳು ಎದುರುಬದುರಾಗಿ ಸರಿಹೋಗುತ್ತದೆ. ಕೊನೆಯ ಕಂಬಗಳಲ್ಲಿ ಅದನ್ನು ತಡೆಯುವುದು ಪಕ್ಕದ ಗೋಡೆ. ಇಂಥ ಸಾಲುಮನೆಗಳಲ್ಲಿ ಒಂದನ್ನು ಕೆಡವಿದರೆ ಪಕ್ಕದ್ದಕ್ಕೂ ಅಪಾಯ ಬರುವುದು ಇದರಿಂದಲೇ. ಕಮಾನಿನ ಹಿಂದಿನ ನೆರಳಿನಲ್ಲಿ ಅಂಗಡಿ. ಕಿಟಕಿಗಳ ಮೇಲರ್ಧಕ್ಕೆ ಸೀಸದ ಪಟ್ಟಿಯಲ್ಲಿ ಕೂರಿಸಿದ ಗಾಜು, ಕೆಳಗಿನರ್ಧಕ್ಕೆ ಮರದ ಬಾಗಿಲು. ಗಾಜು ಆಗ ದುಬಾರಿ.

ಒಳಗೆ ತಲೆಯೆತ್ತಿದರೆ ತೊಲೆ, ಹಲಗೆಗಳ ಮೇಲೆ ಹೂವು ಹಣ್ಣುಗಳ ಚಿತ್ತಾರ, 1620ರದ್ದು. ಹಲಗೆಯ ಕೆಳಮೈ ಒಬ್ಬರ ಮನೆಯ ಚಾವಣಿ, ಮೇಲ್ಮೈ ಇನ್ನೊಬ್ಬರ ಮನೆಯ ನೆಲ. ಬಣ್ಣದ ಪುಡಿಯನ್ನು ಅಂಟಿನ ನೀರಲ್ಲಿ ಕಲಸಿ ಬಳಿದದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಎದ್ದುಬರುತ್ತದೆ. ಆದರೂ ಉಳಿದದ್ದು, ಮುಂದೆ ಯಾರೋ ಅದನ್ನು ಗಾರೆಯ ಚಾವಣಿಯಿಂದ ಮುಚ್ಚಿದ್ದಕ್ಕೆ. ಹಳತಾಯಿತೆಂದು ಮುಚ್ಚಿದವರೇ ಅದನ್ನು ಕಾಪಾಡಿದಂತಾಯಿತು. ಕೆಡವಲು ಹೊರಟಿದ್ದ ಈ ಕಟ್ಟಡವನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ಎಂಬ ಪರಂಪರೆ ರಕ್ಷಣಾ ಸಂಸ್ಥೆ 1934ರಲ್ಲಿ ಕೊಂಡು ಉಳಿಸಿತು.

ಎಲ್ಲ ಕಟ್ಟಡಗಳಿಗೂ ಈ ಭಾಗ್ಯವಿರಲಿಲ್ಲ. ಇದೇ ಬೀದಿಯಲ್ಲಿ ಇನ್ನಷ್ಟು ಕೆಳಕ್ಕೆ, ಹೈ ಸ್ಟ್ರೀಟ್ ಎಂಬ ಭಾಗದ ಪೈಸ್ಲಿ ಕ್ಲೋಸ್ ಓಣಿಯ ಬಳಿ, 1861ರ ನವೆಂಬರ್ 24ರಂದು ಅಂಥದೇ ಹಳೆಯ ಕಟ್ಟಡ ಕುಸಿದು 35 ಜನ ಸತ್ತರು. ಮರುವರ್ಷ ಹೆನ್ರಿ ಲಿಟಲ್‌ಜಾನ್ ನಗರದ ಮೊದಲ ಆರೋಗ್ಯಾಧಿಕಾರಿಯಾದರು. ಹಳೆಯ ಊರಿನ ಇಕ್ಕಟ್ಟಿನ ಬಗ್ಗೆ ಅವರು 1865ರಲ್ಲಿ ಕೊಟ್ಟ ವರದಿ ಪ್ರಸಿದ್ಧ.

ಇಂದಿನ ದೊಡ್ಡ ವೈರಿ ನೀರು. ಮರಳುಗಲ್ಲು ನೀರು ಹೀರುತ್ತದೆ. ಸುಣ್ಣದ ಗಾರೆಯ ಸಂದುಗಳ ಮೂಲಕ ಅದು ಆರಿಹೋಗಬೇಕು. ಆ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ಅಲ್ಲಿ ದಾರಿ ಮುಚ್ಚಿ, ತೇವ ಕಲ್ಲಿನ ಮೈಯಿಂದಲೇ ಹೊರಬರುತ್ತದೆ. ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟಿ ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಸಿಮೆಂಟಿನ ಗೆರೆಗಳು ಮಾತ್ರ ಗಟ್ಟಿಯಾಗಿ ನಿಂತು, ನಡುವೆ ಕಲ್ಲು ಗುಳಿಬಿದ್ದಿದ್ದರೆ ಅದೇ ಗುರುತು. ಸೂರಿನ ಮಳೆನೀರಿನ ದೋಣಿ ಕಟ್ಟಿಕೊಂಡು ಗೋಡೆ ಸದಾ ನೆನೆಯುತ್ತಿದ್ದರೆ ಇನ್ನೂ ಕಷ್ಟ: ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ, ಕಣ್ಣಿಗೆ ಕಾಣದ ತೊಲೆಯ ತುದಿ.