ಸರ್ಟಿಫಿಕೇಟ್ ಗೋಡೆಯ ಮೇಲಿದೆ, ಫಾರ್ಮಸಿಸ್ಟ್ ಎಲ್ಲಿ?

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ತಾಲ್ಲೂಕು ಊರಿನ ಮೆಡಿಕಲ್ ಶಾಪ್‌ನಲ್ಲಿ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಬಾಯಿ ತುಂಬ ಹುಣ್ಣು. ನೀರು ಕುಡಿಯೋಕೂ ಆಗುತ್ತಿರಲಿಲ್ಲ. ‘ಬಾಯಿಗೆ ಹಚ್ಚೋಕೆ ಏನಾದ್ರೂ ಕೊಡಿ’ ಎಂದರು ಮಗ. ಬೇರೆ ಯಾವ ಮಾತ್ರೆ ತಗೊಳ್ತಿದ್ದಾರೆ ಎಂದು ಕೇಳಿದೆ. ಅಜ್ಜಿ ಚೀಲದಿಂದ ಒಂದು ಸ್ಟ್ರಿಪ್ ತೆಗೆದು ಕೈಗಿಟ್ಟರು. ಮೆಥೊಟ್ರೆಕ್ಸೇಟ್!

ಕೀಲುವಾತಕ್ಕೆ ಡಾಕ್ಟರ್ ಬರೆದ ಮಾತ್ರೆ ಅದು. ವಾರಕ್ಕೆ ಒಂದೇ ದಿನ ನುಂಗಬೇಕು. ಅಜ್ಜಿ ಒಂಬತ್ತು ದಿನದಿಂದ ದಿನಾ ನುಂಗಿದ್ದರು. ಇನ್ನೊಂದು ಅಂಗಡಿಯಲ್ಲಿ ಕೊಟ್ಟ ಹುಡುಗ ‘ದಿನಕ್ಕೊಂದು ಅಜ್ಜಿ, ಊಟ ಆದ್ಮೇಲೆ’ ಎಂದು ಹೇಳಿ ಕಳಿಸಿದ್ದನಂತೆ. ಈ ಔಷಧ ದಿನಾ ಹೊಟ್ಟೆಗೆ ಹೋದರೆ ಮೂಳೆಯೊಳಗೆ ರಕ್ತಕಣ ಹುಟ್ಟುವುದೇ ಕುಗ್ಗುತ್ತದೆ. ಬಾಯಿಹುಣ್ಣು ಅದರ ಮೊದಲ ಗುರುತುಗಳಲ್ಲಿ ಒಂದು. ಹಚ್ಚುವ ಮುಲಾಮು ಕೊಡಲಿಲ್ಲ. ಆಟೋ ಹಿಡಿಸಿ ಆಸ್ಪತ್ರೆಗೆ ಕಳಿಸಿದೆ. ಬಿಳಿ ರಕ್ತಕಣ ತುಂಬಾ ಇಳಿದಿತ್ತು. ಬಹಳ ದಿನ ಮಲಗಿದ್ದು ಅಜ್ಜಿ ಉಳಿದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿದವನು, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಆ ಅಂಗಡಿಯ ಗೋಡೆಯ ಮೇಲೆ ಫ್ರೇಮ್ ಹಾಕಿದ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಇತ್ತು. ಆ ಹೆಸರಿನವರು ಬೇರೆ ಊರಲ್ಲಿದ್ದರು. ತಿಂಗಳಿಗೆ ಇಷ್ಟು ಅಂತ ದುಡ್ಡು ಮಾತ್ರ ಅವರಿಗೆ ತಲುಪುತ್ತಿತ್ತು. ನಮ್ಮ ವೃತ್ತಿಯಲ್ಲಿ ಇದಕ್ಕೆ ‘ಸರ್ಟಿಫಿಕೇಟ್ ಬಾಡಿಗೆಗೆ ಕೊಡೋದು’ ಎನ್ನುತ್ತಾರೆ. ನನಗೆ ಇವತ್ತಿಗೂ ತಡೆಯಲಾಗದ ನೋವು ಇದೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿ ನೋಡಿ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟೇ ಆಗಿರಬೇಕು. 1945ರ ಡ್ರಗ್ಸ್ ನಿಯಮಗಳಲ್ಲಿ 65ನೇ ನಿಯಮವೂ ಇದನ್ನೇ ಹೇಳುತ್ತದೆ: ಚೀಟಿಯ ಔಷಧ ಫಾರ್ಮಸಿಸ್ಟರ ಖುದ್ದು ಉಸ್ತುವಾರಿಯಲ್ಲಿ ಹೋಗಬೇಕು. ಅಂಗಡಿಯ ಮಾಲೀಕರು ಫಾರ್ಮಸಿ ಓದಿರಲೇಬೇಕು ಅಂತಿಲ್ಲ. ಬಟ್ಟೆ ಅಂಗಡಿ ಇಟ್ಟವರೂ ಮೆಡಿಕಲ್ ಶಾಪ್ ಇಡಬಹುದು. ಆದರೆ ಫಾರ್ಮ್ 20, 21ರ ಚಿಲ್ಲರೆ ಲೈಸೆನ್ಸ್ ಸಿಗಬೇಕಾದರೆ ಫಾರ್ಮಸಿಸ್ಟರ ಹೆಸರು ಕೊಡಬೇಕು. ಬಾಡಿಗೆ ವ್ಯವಹಾರ ಹುಟ್ಟುವುದು ಇಲ್ಲೇ. ಲೈಸೆನ್ಸಿಗೆ ಹೆಸರು ಸಾಕು, ಮನುಷ್ಯ ಬೇಡ ಎಂಬ ಲೆಕ್ಕ.

ಹಾಗಾದರೆ ಈ ಹೆಸರು ಸಂಪಾದಿಸೋದು ಹೇಗೆ? ಪಿಯುಸಿ ಸೈನ್ಸ್ ಆದ ಮಕ್ಕಳ ಅಪ್ಪ ಅಮ್ಮ ಅಂಗಡಿಗೆ ಬಂದು ಕೇಳುತ್ತಲೇ ಇರುತ್ತಾರೆ. ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಎರಡು ವರ್ಷ. ಅದರ ಮೇಲೆ ಆಸ್ಪತ್ರೆಯಲ್ಲೋ ಮೆಡಿಕಲ್ ಶಾಪ್‌ನಲ್ಲೋ 500 ಗಂಟೆ ತರಬೇತಿ, ಕಡಿಮೆ ಎಂದರೂ ಮೂರು ತಿಂಗಳು. ಬಿ.ಫಾರ್ಮ (ಫಾರ್ಮಸಿ ಪದವಿ) ನಾಲ್ಕು ವರ್ಷ. ಇದರಲ್ಲಿ ಔಷಧ ತಯಾರಿಕೆ, ಗುಣಮಟ್ಟ ಪರೀಕ್ಷೆಯ ಪಾಠ ಜಾಸ್ತಿ, ಹಾಗಾಗಿ ಓದಿದವರು ಕಂಪನಿಗಳ ಕಡೆಗೂ ಹೋಗುತ್ತಾರೆ. 2008ರಲ್ಲಿ ಶುರುವಾದ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಆರು ವರ್ಷ, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಈ ಮಕ್ಕಳು ಡಾಕ್ಟರ ಜೊತೆ ವಾರ್ಡ್ ಸುತ್ತುತ್ತಾರೆ. ಯಾವ ಮಾತ್ರೆ ಯಾವುದರ ಜೊತೆ ಹೊಂದುವುದಿಲ್ಲ, ಕಿಡ್ನಿ ಕುಗ್ಗಿದವರಿಗೆ ಡೋಸ್ ಎಷ್ಟಕ್ಕೆ ಇಳಿಸಬೇಕು ಎಂದು ಹೇಳಬಲ್ಲವರು ಇವರು. ಅಷ್ಟು ಓದಿದವರನ್ನು ಬಿಲ್ ಹಾಕೋಕೆ ಕೂರಿಸುವ ಆಸ್ಪತ್ರೆಗಳನ್ನು ನೋಡಿದ್ದೇನೆ. ಅದು ದೊಡ್ಡ ನಷ್ಟ, ರೋಗಿಗಳಿಗೇ ನಷ್ಟ.

ಸೀಟು ತಗೊಳ್ಳುವ ಮೊದಲು ಒಂದು ವಿಷಯ ನೋಡಿ. ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇರಬೇಕು. ಇಲ್ಲದಿದ್ದರೆ ಎಷ್ಟೇ ಅಂಕ ಬಂದರೂ ನೋಂದಣಿ ಆಗುವುದಿಲ್ಲ. ಓದು ಮುಗಿದ ಮೇಲೆ ನಮ್ಮಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ಬರೆಸಬೇಕು, ಆಮೇಲೆ ಅದನ್ನು ನವೀಕರಿಸುತ್ತಾ ಬರಬೇಕು. ಡಿ.ಫಾರ್ಮ ಮಾಡಿದವರಿಗೆ ನೋಂದಣಿಗೂ ಮೊದಲು ಎಕ್ಸಿಟ್ ಪರೀಕ್ಷೆ ಎಂಬ ನಿಯಮ 2022ರಲ್ಲಿ ಬಂತು. ಮೂರು ಪೇಪರ್, ಪ್ರತಿಯೊಂದರಲ್ಲೂ ಶೇ. 50 ಬರಬೇಕು. ಮಕ್ಕಳಿಗೆ ಹೊರೆಯಾಯ್ತು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ತರಬೇತಿಗೆ ಒಂದು ದಿನವೂ ಹೋಗದೆ 500 ಗಂಟೆಗೆ ಸಹಿ ಹಾಕಿಸಿಕೊಂಡು ಬರುವವರನ್ನು ಎಲ್ಲೋ ಒಂದು ಕಡೆ ತಡೆಯಲೇಬೇಕು ಅಲ್ವಾ?

ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದವರು ಕಾಂಪೌಂಡರ್. ಬಾಟಲಿಯಲ್ಲಿ ಮಿಕ್ಸ್‌ಚರ್ ಕಲಸಿ, ಹೊರಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ, ‘ಒಂದೊಂದು ಗೆರೆಗೆ ಒಂದೊಂದು ಡೋಸ್’ ಎಂದು ಕೊಡುತ್ತಿದ್ದರು. ಓದು ಬರದವರಿಗೂ ಅರ್ಥವಾಗುವ ಲೇಬಲ್ ಅದು. 1948ರ ಕಾಯ್ದೆ ಬಂದಾಗ, ಆಸ್ಪತ್ರೆಯಲ್ಲಿ ಕನಿಷ್ಠ ಐದು ವರ್ಷ ಈ ಕೆಲಸ ಮಾಡಿದ್ದವರಿಗೂ ಮೊದಲ ರಿಜಿಸ್ಟರ್‌ನಲ್ಲಿ ಜಾಗ ಕೊಟ್ಟಿದ್ದರು. ಈಗ ಔಷಧ ಕಾರ್ಖಾನೆಯಿಂದಲೇ ಪ್ಯಾಕ್ ಆಗಿ ಬರುತ್ತದೆ. ಹಾಗಾಗಿ ಜನ ಕೇಳುತ್ತಾರೆ: ರಾಕ್‌ನಿಂದ ತೆಗೆದು ಕೊಡೋಕೆ ಓದು ಯಾಕೆ?

ಇನ್ಸುಲಿನ್ ಉದಾಹರಣೆ ನೋಡಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್‌ಗೆ 40 ಯೂನಿಟ್ ಇರುತ್ತದೆ. ಒಂದು ಎಂ.ಎಲ್‌ಗೆ 100 ಯೂನಿಟ್ ಇರುವುದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟರೆ, ಗೆರೆ ನೋಡಿ 20 ಯೂನಿಟ್ ಎಳೆದವರಿಗೆ ಒಳಗೆ ಹೋಗುವುದು 50. ಸಕ್ಕರೆ ಒಮ್ಮೆಲೇ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯವಾಗಬಹುದು. ತಿರುಗಾಮುರುಗಾ ಆದರೆ 20ರ ಬದಲು ಎಂಟೇ ಯೂನಿಟ್ ಹೋಗುತ್ತದೆ, ಸಕ್ಕರೆ ಇಳಿಯುವುದೇ ಇಲ್ಲ. ‘ಒಂದು ಸಿರಿಂಜ್ ಕೊಡಿ’ ಎಂದವರಿಗೆ ‘ನಿಮ್ಮ ಬಾಟಲಿ ತೋರಿಸಿ’ ಎನ್ನುವವರು ಕೌಂಟರ್‌ನಲ್ಲಿ ಇರಬೇಕು. ನೆಗಡಿ ಮಾತ್ರೆಯ ಜೊತೆ ಜ್ವರದ ಮಾತ್ರೆ ಕೇಳಿದಾಗ, ಎರಡರಲ್ಲೂ ಪ್ಯಾರಾಸಿಟಮಾಲ್ ಇದೆ, ಒಂದು ಸಾಕು ಎಂದು ಹೇಳಿ ಕಡಿಮೆ ವ್ಯಾಪಾರ ಮಾಡುವವರೂ ಇರಬೇಕು.

ಕೆಲವು ಆ್ಯಂಟಿಬಯಾಟಿಕ್, ಟಿಬಿ ಔಷಧ, ನಿದ್ದೆಯ ಮಾತ್ರೆಗಳು ಡ್ರಗ್ಸ್ ನಿಯಮಗಳ ಶೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿ ಬರುತ್ತವೆ. 2014ರ ಮಾರ್ಚ್‌ನಿಂದ ಇವನ್ನು ಕೊಟ್ಟಾಗಲೆಲ್ಲ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂದು ಬೇರೆ ರಿಜಿಸ್ಟರ್‌ನಲ್ಲಿ ಬರೆಯಬೇಕು, ಮೂರು ವರ್ಷ ಇಟ್ಟಿರಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇನ್ನೂ ಮುಂದೆ ಹೋದವು. ಫಾರ್ಮಸಿಸ್ಟ್ ಬಿಳಿ ಕೋಟ್ ಹಾಕಿ, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಧರಿಸಬೇಕು. ರೋಗಿಗೆ ಔಷಧದ ಬಗ್ಗೆ ತಿಳಿಸಿ ಹೇಳಬೇಕು. ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್‌ಗೆ ಹೋಗಬೇಕು. ನೀವು ಅಂಗಡಿಗೆ ಹೋದಾಗ ಆ ಬ್ಯಾಡ್ಜ್ ಹುಡುಕಿ. ಕಾಣದಿದ್ದರೆ ‘ಫಾರ್ಮಸಿಸ್ಟ್ ಇದ್ದಾರಾ?’ ಎಂದು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಮತ್ತೆ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಸಂಜೆ ಆರರಿಂದ ಒಂಬತ್ತರವರೆಗೆ ಮೆಡಿಕಲ್ ಶಾಪ್ ಮುಂದೆ ನಿಂತು ನೋಡಿ. ಒಬ್ಬ ಫಾರ್ಮಸಿಸ್ಟ್ ಎಲ್ಲವನ್ನೂ ಮಾಡೋಕೆ ಆಗುವುದೇ ಇಲ್ಲ. ಮಾತ್ರೆ ತೆಗೆಯುವುದು, ಎಕ್ಸ್‌ಪೈರಿ ನೋಡುವುದು, ಸ್ಟಾಕ್ ಇಳಿಸುವುದು ಸಹಾಯಕರಿಂದಲೇ ನಡೆಯಬೇಕು. ಬೇರೆ ದೇಶಗಳಲ್ಲಿ ಇವರಿಗೆ ಫಾರ್ಮಸಿ ಟೆಕ್ನಿಷಿಯನ್ ಎಂಬ ಹೆಸರಿದೆ, ಅದಕ್ಕೊಂದು ಓದೂ ಇದೆ. ಬ್ರಿಟನ್‌ನಲ್ಲಿ 2011ರ ಜುಲೈನಿಂದ ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದೆ ಯಾರೂ ಆ ಹೆಸರು ಹೇಳಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1995ರಿಂದ ಟೆಕ್ನಿಷಿಯನ್‌ಗಳಿಗೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆ ಇದೆ, ನಿಯಮ ಮಾತ್ರ ರಾಜ್ಯಕ್ಕೊಂದು ತರಹ. ಮಗಳ ಮನೆಗೆ ಅಂತ ಅಲ್ಲಿಗೆ ಹೋಗಿ ಬಂದವರು ಕಿತ್ತಳೆ ಬಣ್ಣದ ಡಬ್ಬಿ ನೋಡಿರುತ್ತೀರಿ. ಅದರೊಳಗೆ ಮಾತ್ರೆ ಎಣಿಸಿ ಹಾಕುವುದು ಸಾಮಾನ್ಯವಾಗಿ ಟೆಕ್ನಿಷಿಯನ್. ಕೊನೆಗೆ ಪರೀಕ್ಷಿಸಿ ಬಿಡುವುದು, ಹೇಗೆ ತಗೊಳ್ಳಬೇಕು ಎಂದು ಹೇಳುವುದು ಫಾರ್ಮಸಿಸ್ಟ್. (ನಮ್ಮ ಬಿ.ಫಾರ್ಮ ಮುಗಿಸಿ ಅಲ್ಲಿ ಫಾರ್ಮಸಿಸ್ಟ್ ಆಗಬಹುದಾ ಎಂದು ಕೇಳುವವರಿಗೆ: 2003ರಿಂದ ಈಚೆಗೆ ಪದವಿ ಪಡೆದವರ ಓದು ಕಡಿಮೆ ಎಂದರೂ ಐದು ವರ್ಷದ್ದಾಗಿರಬೇಕು. ಹಾಗಾಗಿ ನಾಲ್ಕು ವರ್ಷದ ಬಿ.ಫಾರ್ಮ ಒಂದೇ ಸಾಲದು.)

ನಮ್ಮ ಕಾಯ್ದೆಯಲ್ಲಿ ಅಂಥ ನಡುವಿನ ಮೆಟ್ಟಿಲು ಇಲ್ಲ. ಒಂದೋ ನೋಂದಾಯಿತ ಫಾರ್ಮಸಿಸ್ಟ್, ಇಲ್ಲಾ ಏನೂ ಅಲ್ಲ. ಕೌಂಟರ್‌ನಲ್ಲಿ ಹತ್ತು ವರ್ಷ ನಿಂತವರಿಗೂ ಹೆಸರಿಲ್ಲ, ಪಾಠವಿಲ್ಲ, ಪರೀಕ್ಷೆಯಿಲ್ಲ. ಈ ಕೆಲಸಕ್ಕೆ ಒಂದು ವರ್ಷದ ಸರಿಯಾದ ಕೋರ್ಸ್ ಬೇಕು, ನೋಂದಣಿ ಬೇಕು. ಯಾವುದನ್ನು ಮಾಡಬಹುದು, ಎಲ್ಲಿ ನಿಲ್ಲಿಸಿ ಫಾರ್ಮಸಿಸ್ಟರನ್ನು ಕರೆಯಬೇಕು ಎಂಬ ಗೆರೆಯೂ ಇರಬೇಕು. ಆಗ ಫಾರ್ಮಸಿಸ್ಟ್ ಕೂಡ ಅಂಗಡಿಯಲ್ಲೇ ಇರಬೇಕಾಗುತ್ತದೆ, ಕರೆದರೆ ಬರೋಕೆ.

ನನ್ನ ಅಂಗಡಿಯಲ್ಲಿ ನಾವು ಮಾಡುವುದು ಇಷ್ಟು. ಮೆಥೊಟ್ರೆಕ್ಸೇಟ್, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಬೇರೆ ರಾಕ್‌ನಲ್ಲಿ ಇಟ್ಟಿದ್ದೇವೆ. ಅದಕ್ಕೆ ಕೆಂಪು ಟೇಪ್ ಸುತ್ತಿದೆ. ಅಲ್ಲಿಂದ ತೆಗೆದದ್ದನ್ನು ಹುಡುಗರು ನನ್ನ ಕೈಗೇ ಕೊಡಬೇಕು, ಗಿರಾಕಿಯ ಕೈಗಲ್ಲ. ಮೆಥೊಟ್ರೆಕ್ಸೇಟ್ ಕವರ್ ಮೇಲೆ ವಾರದ ಹೆಸರನ್ನು ದಪ್ಪ ಪೆನ್ನಿನಲ್ಲಿ ಬರೆಯುತ್ತೇವೆ: ‘ಭಾನುವಾರ ಮಾತ್ರ’. ಬರೆದಾದ ಮೇಲೆ ತಗೊಂಡವರ ಬಾಯಲ್ಲೇ ಒಂದು ಸಲ ಹೇಳಿಸುತ್ತೇನೆ. ಒಂದು ನಿಮಿಷ ಹಿಡಿಯುತ್ತದೆ.