ಕ್ಲಿಯರ್ ಮಾಡಿದರೂ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್

"ಸ್ಕ್ಯಾನರ್ ಹಾಕಿ ಕ್ಲಿಯರ್ ಮಾಡಿಸಿದ್ದೆ ಸಾರ್. ನಾಲ್ಕು ದಿನ ಸರಿಯಾಗಿತ್ತು, ಈಗ ಮತ್ತೆ ಬಂದಿದೆ." ಡೀಸೆಲ್ ವ್ಯಾನ್ ಓಡಿಸುವವರಿಂದ ನಾನು ಜಾಸ್ತಿ ಕೇಳುವ ಮಾತು ಇದು. ನಿಜ ಹೇಳಬೇಕೆಂದರೆ ಆ ನಾಲ್ಕು ದಿನವೂ ವ್ಯಾನ್ ಸರಿಯಾಗಿರಲಿಲ್ಲ. ಲೈಟ್ ಹತ್ತಿರಲಿಲ್ಲ, ಅಷ್ಟೇ.

ಹೊಗೆಗೆ ಸಂಬಂಧಿಸಿದ ಬಹಳಷ್ಟು ದೋಷಗಳು ಒಂದೇ ಸಲ ಕಂಡ ಕೂಡಲೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೈಟ್ ಹಚ್ಚುವುದಿಲ್ಲ. ಮೊದಲ ಸಲ 'ಪೆಂಡಿಂಗ್' ಅಂತ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ಆಗ ಲೈಟ್ ಬರುತ್ತದೆ. ಕೆಲವು ಪರೀಕ್ಷೆಗಳಂತೂ ಎಂಜಿನ್ ಪೂರ್ತಿ ಬಿಸಿಯಾಗಿ, ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿದರೆ ಮಾತ್ರ ನಡೆಯುತ್ತವೆ. ಕ್ಲಿಯರ್ ಮಾಡಿದರೆ ಈ ಲೆಕ್ಕವೆಲ್ಲ ಸೊನ್ನೆಯಿಂದ ಶುರು. ನಿಮಗೆ ಸಿಕ್ಕ ನಾಲ್ಕು ದಿನ ಅಂದರೆ ಅದೇ. ಲೈಟ್ ತಾನಾಗೇ ಆರಿದರೂ ಅಷ್ಟೇ. ಸಾಮಾನ್ಯವಾಗಿ ಸತತ 3 ಓಡಾಟಗಳಲ್ಲಿ ದೋಷ ಕಾಣದಿದ್ದರೆ ಲೈಟ್ ಆರುತ್ತದೆ, ಆ ದೋಷದ ಗುರುತಿನ ಕೋಡ್ ಮಾತ್ರ ಒಳಗೆ ಇನ್ನೂ ಬಹಳ ದಿನ ಉಳಿದಿರುತ್ತದೆ.

ಕ್ಲಿಯರ್ ಬಟನ್ ಒತ್ತುವುದರಲ್ಲಿ ಇನ್ನೊಂದು ನಷ್ಟವಿದೆ. ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ಕಂಡ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ವೇಗ ಎಷ್ಟು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಕೋಡ್‌ಗಿಂತ ನನಗೆ ಅದೇ ಮುಖ್ಯ. ಕೋಡ್ ಹೇಳುವುದು ಏನು ಕಡಿಮೆ ಬಿತ್ತು ಅಂತ. ಯಾವಾಗ ಕಡಿಮೆ ಬಿತ್ತು ಅನ್ನುವುದು ಗೊತ್ತಾದರೆ ಕಾರಣ ಅರ್ಧ ಸಿಕ್ಕಂತೆ.

ಒಂದು ವ್ಯಾನ್ ಪಿ 0299 ಕೋಡ್‌ನೊಂದಿಗೆ ಬಂತು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ, ಅಂದರೆ ಬೂಸ್ಟ್, ಸಾಲುತ್ತಿಲ್ಲ ಅನ್ನುವ ಕೋಡ್ ಅದು. ಬೇರೆ ಕಡೆ ಮೊದಲು ಬೂಸ್ಟ್ ಸೆನ್ಸರ್ ಬದಲಾಗಿತ್ತು, ಆಮೇಲೆ ಟರ್ಬೊವನ್ನೇ ಬದಲಾಯಿಸಿದ್ದರು. ಲೈಟ್ ಮಾತ್ರ ಬಿಟ್ಟಿರಲಿಲ್ಲ. ಫ್ರೀಜ್ ಫ್ರೇಮ್ ತೆಗೆದು ನೋಡಿದರೆ ಎಂಜಿನ್ ಪೂರ್ತಿ ಬಿಸಿ, ಆರ್‌ಪಿಎಂ 2,300ರ ಹತ್ತಿರ, ಲೋಡ್ 90 ಶೇಕಡಕ್ಕಿಂತ ಹೆಚ್ಚು. ಅಂದರೆ ಸಾಮಾನು ತುಂಬಿಕೊಂಡು ಏರು ಹತ್ತುವಾಗ. ನಿಂತಲ್ಲೇ ಎಷ್ಟು ರೇಸ್ ಮಾಡಿ ನೋಡಿದರೂ ಇದು ಸಿಗುವುದಿಲ್ಲ. ಲೋಡ್ ಹಾಕಿಕೊಂಡೇ ಏರಿಗೆ ಹೋದೆವು, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ಇಟ್ಟುಕೊಂಡು. ಇಸಿಯು ಕೇಳುವ ಬೂಸ್ಟ್, ನಿಜವಾಗಿ ಬರುವ ಬೂಸ್ಟ್, ಎರಡೂ ಸಮತಟ್ಟಿನಲ್ಲಿ ಜೊತೆಜೊತೆಗೆ ಇದ್ದವು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎರಡನೆಯದು ಹಿಂದೆ ಬಿತ್ತು.

ವಾಪಸ್ ಬಂದು ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ಹೋಸ್ ಕೆಳಗೆ ಟಾರ್ಚ್ ಹಿಡಿದರೆ, ಕ್ಲಿಪ್ ಪಕ್ಕದಲ್ಲಿ ಆಯಿಲ್ ಜಿಡ್ಡಿನ ಕಪ್ಪು ಗೆರೆ. ಮೇಲಿಂದ ನೋಡಿದರೆ ಹೋಸ್ ಹೊಸದರಂತಿದೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಆ ಗೆರೆ ಬಾಯಿ ಬಿಟ್ಟಿತು. ಒತ್ತಡ ಜಾಸ್ತಿಯಾದಾಗ ಮಾತ್ರ ತೆರೆದುಕೊಂಡು, ಆಮೇಲೆ ಮುಚ್ಚಿಕೊಳ್ಳುವ ಸೀಳು. ಹೋಸ್ ಬದಲಾಯಿಸಿ, ಅದೇ ಲೋಡ್‌ನಲ್ಲಿ ಅದೇ ಏರಿಗೆ ಎರಡು ಸಲ ಹೋಗಿ, ಪೆಂಡಿಂಗ್‌ನಲ್ಲೂ ಏನೂ ಇಲ್ಲ ಅಂತ ನೋಡಿದ ಮೇಲೆಯೇ ಕೀ ಕೊಟ್ಟಿದ್ದು.

ಇಂಥ ಸೀಳನ್ನು ಹಾಗೇ ಬಿಟ್ಟರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಗಾಳಿ ಅಳೆಯುವ ಸೆನ್ಸರ್ ಇರುವುದು ಟರ್ಬೊಗಿಂತ ಮುಂಚೆ. ಅದು ಎಣಿಸಿದ ಗಾಳಿಯಲ್ಲಿ ಒಂದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಇಸಿಯು ಮಾತ್ರ ಎಣಿಸಿದ ಲೆಕ್ಕಕ್ಕೇ ಡೀಸೆಲ್ ಬಿಡುತ್ತದೆ. ಪೂರ್ತಿ ಉರಿಯದ ಡೀಸೆಲ್ ಮಸಿಯಾಗಿ ಡಿಪಿಎಫ್‌ಗೆ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಹೋಗಿ ಕೂರುತ್ತದೆ. ಸ್ವಲ್ಪ ಕಾಲಕ್ಕೆ ಡಿಪಿಎಫ್ ಕೋಡ್ ಬರುತ್ತದೆ, ಜನ ಅದನ್ನು ಹೊಸ ದೋಷ ಅಂದುಕೊಳ್ಳುತ್ತಾರೆ.

ಡಿಪಿಎಫ್ ವಿಷಯದಲ್ಲಿ ನಾನು ಮೊದಲು ನೋಡುವುದು ಥರ್ಮೋಸ್ಟಾಟ್ ವಾಲ್ವ್, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವುದು. ಆಶ್ಚರ್ಯ ಅಲ್ವಾ? ಕೂತ ಮಸಿಯನ್ನು ಸುಡಲು ಡಿಪಿಎಫ್ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಎಂಜಿನ್ ಸಾಕಷ್ಟು ಬಿಸಿಯಾಗದೆ ಇಸಿಯು ಆ ಕೆಲಸಕ್ಕೆ ಕೈಯೇ ಹಾಕುವುದಿಲ್ಲ. ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಕೂಲೆಂಟ್ 60–65 ಡಿಗ್ರಿಯಲ್ಲೇ ಓಡಾಡುತ್ತಿರುತ್ತದೆ. ಡ್ರೈವರ್‌ಗೆ ಏನೂ ಗೊತ್ತಾಗುವುದಿಲ್ಲ, ಎಂಜಿನ್ ತಣ್ಣಗಿದೆ ಅಂತ ಖುಷಿಯೂ ಇರಬಹುದು. ಇತ್ತ ಮಸಿ ತುಂಬುತ್ತಲೇ ಇರುತ್ತದೆ. ಬರೀ ಚಿಕ್ಕ ಚಿಕ್ಕ ಟ್ರಿಪ್ ಹೊಡೆಯುವ ವ್ಯಾನ್‌ಗೂ ಇದೇ ಗತಿ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಅದಕ್ಕಾಗಿ ಬಿಟ್ಟ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿ, ಡೀಸೆಲ್ ವಾಸನೆ ಬಂದರೆ ತಡ ಮಾಡದೆ ಆಯಿಲ್ ಬದಲಾಯಿಸಿ.

ಡಿಪಿಎಫ್ ಬಿಚ್ಚುವ ಮುಂಚೆ ಇನ್ನೊಂದು ಪರೀಕ್ಷೆ. ಕೀ ಆನ್, ಎಂಜಿನ್ ಆಫ್. ಡಿಪಿಎಫ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಹೊಗೆಯೇ ಹರಿಯದಿದ್ದಾಗಲೂ ಒತ್ತಡ ತೋರಿಸುತ್ತಿದ್ದರೆ ಆ ಸೆನ್ಸರ್‌ನ ಮಾತು ನಂಬುವಂತಿಲ್ಲ. ಅದರ ಎರಡು ಸಣ್ಣ ಪೈಪ್‌ಗಳು ಬಿರುಕು ಬಿಟ್ಟಿವೆಯಾ, ಕಟ್ಟಿಕೊಂಡಿವೆಯಾ ಅಂತಲೂ ನೋಡಿ.

ಒಟ್ಟಿಗೆ ಐದಾರು ಕೋಡ್ ಬಂದರೆ ಐದಾರು ಭಾಗ ಕೆಟ್ಟಿವೆ ಅಂತಲ್ಲ. ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಒಂದೇ ಲೈನ್‌ನಿಂದ ಹೋಗುತ್ತದೆ. ಒಂದು ಶಾರ್ಟ್ ಆದರೆ ಉಳಿದವೂ ತಪ್ಪು ಹೇಳುತ್ತವೆ. ಮೊದಲು ಬ್ಯಾಟರಿ, ಅರ್ಥಿಂಗ್, ಬ್ರಾಕೆಟ್‌ಗೆ ಉಜ್ಜುವ ವೈರಿಂಗ್ ನೋಡಿಕೊಳ್ಳಿ.

ಇನ್ನು ಪಿ 0087, ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಪೈಪ್) ಒತ್ತಡ ಸಾಲದು ಅನ್ನುವ ಕೋಡ್. ಮೊದಲು ಡೀಸೆಲ್ ಫಿಲ್ಟರ್. ಅದು ಸರಿಯಿದ್ದರೆ ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು. ಹಳೇ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ಒಂದೊಂದು ಪೈಪ್ ಸಡಿಲಿಸಿ ಯಾವುದು ಕೆಲಸ ಮಾಡುತ್ತಿಲ್ಲ ಅಂತ ನೋಡುವ ರೂಢಿ ಇತ್ತು. ಇಂಥ ರೈಲ್ ಇರುವ 'ಕಾಮನ್ ರೈಲ್' ಎಂಜಿನ್‌ನಲ್ಲಿ ಅದನ್ನು ದಯವಿಟ್ಟು ಮಾಡಬೇಡಿ. ಲೋಡ್‌ನಲ್ಲಿ ಅಲ್ಲಿನ ಒತ್ತಡ 1,600 ಬಾರ್ ದಾಟುತ್ತದೆ, ಐಡಲ್‌ನಲ್ಲೇ 250–300 ಬಾರ್ ಇರುತ್ತದೆ. ಆ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ಕಳೆದುಕೊಂಡವರಿದ್ದಾರೆ. ಎಂಜಿನ್ ಆಫ್ ಇರುವಾಗ ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್‌ಗೆ (ಮಿಕ್ಕ ಡೀಸೆಲ್ ವಾಪಸ್ ಹೋಗುವುದು) ಒಂದೊಂದು ಬಾಟಲಿ ಜೋಡಿಸಿ, ಸ್ಟಾರ್ಟ್ ಮಾಡಿ ಕೆಲ ನಿಮಿಷ ಐಡಲ್‌ನಲ್ಲಿ ಬಿಡಿ. ಉಳಿದವಕ್ಕಿಂತ ತುಂಬಾ ಬೇಗ ಒಂದು ಬಾಟಲಿ ತುಂಬಿದರೆ ಒತ್ತಡ ಸೋರುತ್ತಿರುವುದು ಆ ಇಂಜೆಕ್ಟರ್‌ನಲ್ಲೇ. ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಕಡಿಮೆಯೇ ತುಂಬಿದ್ದರೆ ಪಂಪ್ ಕಡೆ ನೋಡಿ.