ಗುಂಡಿ ಒತ್ತುವ ಮೊದಲೇ ಆಗಬೇಕಿದ್ದ ತೀರ್ಮಾನ

ನಾಯಕರಿಬ್ಬರು ಕೈಕುಲುಕುವ ಕ್ಷಣಕ್ಕೆ ಇಂದಿನ ಪತ್ರಿಕಾ ಛಾಯಾಗ್ರಾಹಕರಾದ ನಾವು ಹತ್ತಾರು ಫ್ರೇಮುಗಳನ್ನು ತೆಗೆದು, ಯಾವುದು ಒಳ್ಳೆಯದೆಂಬುದನ್ನು ಕಂಪ್ಯೂಟರ್ ಮುಂದೆ ಕುಳಿತು ತೀರ್ಮಾನಿಸುತ್ತೇವೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ ಅವರಿಗೆ ಆ ಸೌಕರ್ಯವಿರಲಿಲ್ಲ. ಅವರು ಬಳಸುತ್ತಿದ್ದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದೊಡನೆ ಎರಡೂ ಬದಿಗೆ ಒಂದೊಂದು ಫಿಲ್ಮ್ ಹಾಳೆಯಿರುವ ಹೋಲ್ಡರಿನ ತಗಡು ಮುಚ್ಚಿ, ಹೋಲ್ಡರನ್ನು ಹೊರಳಿಸಿ ಹಾಕಿ, ಸುಟ್ಟ ಫ್ಲ್ಯಾಶ್ ಬಲ್ಬನ್ನು ಕಿತ್ತು ಹೊಸದನ್ನು ಸಿಕ್ಕಿಸಿ, ಶಟರನ್ನು ಮತ್ತೆ ಬಿಗಿಯಬೇಕು. ಅಷ್ಟರಲ್ಲಿ ನಾಯಕರು ಕಾರು ಹತ್ತಿರುತ್ತಿದ್ದರು.

1913ರಲ್ಲಿ ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ಛಾಯಾಗ್ರಹಣವನ್ನು ಮಾಣೆಕ್‌ಶಾ ವ್ಯಾರವಾಲಾ ಅವರಿಂದ ಕಲಿತು, ಅವರನ್ನೇ ವರಿಸಿದರು. ಆರಂಭದಲ್ಲಿ ಅವರ ಚಿತ್ರಗಳು ಅಚ್ಚಾದದ್ದು ಪತಿಯ ಹೆಸರಿನಲ್ಲಿ. 1942ರಲ್ಲಿ ಬ್ರಿಟಿಷ್ ಮಾಹಿತಿ ಸೇವೆಯ ಕೆಲಸಕ್ಕೆಂದು ದೆಹಲಿ ಸೇರಿದ ಮೇಲೆ ವಿಭಜನೆಯ ಪ್ರಸ್ತಾವಕ್ಕೆ ಕಾಂಗ್ರೆಸ್ ನಾಯಕರು ಕೈಯೆತ್ತಿದ ಸಭೆ, ಮೌಂಟ್‌ಬ್ಯಾಟನ್ನರ ನಿರ್ಗಮನ, ಗಾಂಧೀಜಿಯ ಅಂತ್ಯಯಾತ್ರೆ ಎಲ್ಲವೂ ಅವರ ಕ್ಯಾಮೆರಾಕ್ಕೆ ದಕ್ಕಿದವು. ಸೀರೆಯುಟ್ಟು ಕ್ಯಾಮೆರಾ ಹೊತ್ತು ಓಡಾಡುವ ಹೆಂಗಸನ್ನು ಮೊದಮೊದಲು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಸೂಕ್ಷ್ಮ ಸ್ಥಳಗಳಿಗೂ ತಡೆಯಿಲ್ಲದೆ ತಾವು ಹೋಗಲು ಆ ಅಸಡ್ಡೆಯೇ ನೆರವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಅವರ ಮೆಚ್ಚಿನ ವ್ಯಕ್ತಿ ನೆಹರೂ. ಪಾಲಂ ವಿಮಾನ ನಿಲ್ದಾಣದಲ್ಲಿ ‘ಛಾಯಾಗ್ರಹಣ ನಿಷಿದ್ಧ’ ಎಂಬ ಫಲಕದ ಪಕ್ಕದಲ್ಲೇ ನಿಂತ ನೆಹರೂ, ತಂಗಿ ವಿಜಯಲಕ್ಷ್ಮಿ ಪಂಡಿತರನ್ನು ತಬ್ಬಿಕೊಂಡ ನೆಹರೂ, ತುಟಿಯಲ್ಲಿ ಸಿಗರೇಟು ಇಟ್ಟುಕೊಂಡೇ ವಿಮಾನದಲ್ಲಿ ಬ್ರಿಟಿಷ್ ರಾಜತಾಂತ್ರಿಕರೊಬ್ಬರ ಪತ್ನಿಯ ಸಿಗರೇಟಿಗೆ ಕಡ್ಡಿ ಗೀರಿದ ನೆಹರೂ: ಇವು ಯಾವುವೂ ಪ್ರಚಾರಕ್ಕೆಂದು ಕೊಟ್ಟ ಭಂಗಿಗಳಲ್ಲ. ಪ್ರಧಾನಿಯ ಅಷ್ಟು ಸಮೀಪ ನಿಲ್ಲಲು ಅಂದಿನ ಸಡಿಲ ಭದ್ರತೆ ಅವಕಾಶ ಕೊಟ್ಟಿತ್ತು, ನಿಜ. ಆದರೆ ಹತ್ತಿರ ನಿಂತವರೆಲ್ಲ ಇಂತಹ ಚಿತ್ರ ತೆಗೆಯಲಿಲ್ಲ. ಎಲ್ಲರ ಬಲ್ಬುಗಳೂ ಮಿನುಗಿ ಮುಗಿದ ಮೇಲೆ ಮುಖದ ಬಿಗಿ ಸಡಿಲುವ ಗಳಿಗೆಗೆ ಕೊನೆಯ ಫಿಲ್ಮನ್ನು ಉಳಿಸಿಕೊಳ್ಳುವ ತಾಳ್ಮೆಯೇ ಬೇರೆ, ಮತ್ತು ಈ ಕಸುಬಿನಲ್ಲಿ ಅದು ಉಪಕರಣಕ್ಕಿಂತ ದುಬಾರಿ.

ಮಾಣೆಕ್‌ಶಾ 1969ರಲ್ಲಿ ತೀರಿಕೊಂಡರು. ಮರುವರ್ಷ ಹೋಮಾಯಿ ವೃತ್ತಿಯನ್ನೇ ಬಿಟ್ಟರು. ಹೊಸ ತಲೆಮಾರಿನ ಛಾಯಾಗ್ರಾಹಕರ ಸಭ್ಯತೆಯಿಲ್ಲದ ನಡವಳಿಕೆ ತಮಗೆ ಸಹಿಸಲಾಗಲಿಲ್ಲವೆಂಬುದು ಅವರು ಕೊಟ್ಟ ಕಾರಣ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ಅವರು ಕ್ಯಾಮೆರಾ ಕೆಳಗಿಟ್ಟು ನಾಲ್ಕು ದಶಕ ಕಳೆದ ಮೇಲೆ. ಮರುವರ್ಷದ ಜನವರಿಯಲ್ಲಿ ಅವರು ವಡೋದರಾದಲ್ಲಿ ನಿಧನರಾದರು.